ಮಡಚುವ ಕ್ಯಾಮೆರಾ: ನಮ್ಮ ಮನೆಯ ಆಗ್ಫಾ ಐಸೊಲೆಟ್

ಜ್ಞಾನಭಾರತಿ ಆವರಣದ ಆರಂಭದ ದಿನಗಳನ್ನು ಕುರಿತು ಹಿಂದೊಮ್ಮೆ ಬರೆದಾಗ, 1974ರ ಜನವರಿಯಲ್ಲಿ ಅಲ್ಲಿ ತೆಗೆದ ಒಂದು ಕಪ್ಪು-ಬಿಳುಪು ಚಿತ್ರವನ್ನೂ ಜೊತೆಗಿಟ್ಟಿದ್ದೆ. ಅದನ್ನು ನೋಡಿದ ಹಳೆಯ ವಿದ್ಯಾರ್ಥಿಯೊಬ್ಬರು, "ಮೇಷ್ಟ್ರೇ, ಹಿಂಭಾಗದ ಸಸಿಗಳಿಗೆ ಕಟ್ಟಿದ ಮುಳ್ಳಿನ ಬೇಲಿಯನ್ನೂ ಎಣಿಸಬಹುದಲ್ಲ, ಐವತ್ತು ವರ್ಷದ ಹಿಂದೆ ಅಂಥ ಕ್ಯಾಮೆರಾ ನಿಮ್ಮಲ್ಲಿತ್ತೇ?" ಎಂದು ವಿಚಾರಿಸಿದರು. ಇತ್ತು, ಈಗಲೂ ಇದೆ. ಅದು ಜರ್ಮನಿಯ ಆಗ್ಫಾ ಕಂಪನಿಯ ಐಸೊಲೆಟ್ ಎರಡನೆಯ ಮಾದರಿ. ನಮ್ಮ ತಂದೆಯವರು 1958ರಲ್ಲಿ, ಊರು ಬಿಟ್ಟು ಹೊರಟಿದ್ದ ದಂಡು ಪ್ರದೇಶದ ಒಬ್ಬ ಎಂಜಿನಿಯರಿಂದ ಕೊಂಡದ್ದು. ಒಂದೂವರೆ ತಿಂಗಳ ಸಂಬಳ ಅದಕ್ಕೇ ಹೋಯಿತೆಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದರು.

ಮುಚ್ಚಿದಾಗ ಅದು ದಪ್ಪನೆಯ ಕನ್ನಡಕದ ಡಬ್ಬಿಯಂತಿರುತ್ತದೆ. ತಂದೆಯವರು ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಮದುವೆ ಮನೆಗಳಿಗೆ ಹೋಗುತ್ತಿದ್ದರು. ಮೇಲಿನ ಗುಂಡಿಯನ್ನೊತ್ತಿದರೆ ಮುಂಭಾಗದ ಬಾಗಿಲು ತೆರೆದುಕೊಂಡು, ಅದರ ಜೊತೆಗೆ ಮಸೂರ ಮುಂದಕ್ಕೆ ಬಂದು, ಎರಡು ಬದಿಯ ಉಕ್ಕಿನ ಕಡ್ಡಿಗಳು ಟಪ್ಪೆಂದು ನೆಟ್ಟಗಾಗಿ ಅದನ್ನು ಹಿಡಿದು ನಿಲ್ಲಿಸುತ್ತವೆ. ಮಸೂರಕ್ಕೂ ಒಡಲಿಗೂ ನಡುವೆ ಕಪ್ಪು ಬಣ್ಣದ, ನಿರಿಗೆ ನಿರಿಗೆಯಾಗಿ ಮಡಚಿಕೊಳ್ಳುವ ಕೊಳವೆ. ನಮ್ಮ ಅಜ್ಜಿ ಅದನ್ನು ಮೊದಲ ಸಲ ಕಂಡಾಗ "ಇದೇನೋ, ಹಾರ್ಮೋನಿಯಂ ಮರಿ!" ಎಂದರಂತೆ. ಅಜ್ಜಿಯ ಮಾತು ತಪ್ಪಲ್ಲ. ಹಾರ್ಮೋನಿಯಂನಲ್ಲಿ, ಕಮ್ಮಾರನ ಕುಲುಮೆಯಲ್ಲಿ ಗಾಳಿಯೊತ್ತುವ ತಿದಿಯ ವಿನ್ಯಾಸವೇ ಇದು. ಅಲ್ಲಿ ಗಾಳಿ ಸೋರಬಾರದು, ಇಲ್ಲಿ ಬೆಳಕು ಸೋರಬಾರದು.

ಕ್ಯಾಮೆರಾವನ್ನು ಮಡಚುವ ಅಗತ್ಯ ಏಕೆ ಬಂತು? ಮಸೂರದಿಂದ ಫಿಲಂವರೆಗೆ ಒಂದು ನಿಶ್ಚಿತ ಅಂತರ ಇರಲೇಬೇಕು. ಚಿತ್ರ ದೊಡ್ಡದಾದಷ್ಟೂ ಆ ಅಂತರವೂ ದೊಡ್ಡದು. ಐಸೊಲೆಟ್‌ನಲ್ಲಿ ಅದು 85 ಮಿಲಿಮೀಟರ್. ಆ ಜಾಗವನ್ನು ಖಾಲಿ ಪೆಟ್ಟಿಗೆಯಾಗಿ ಹೊತ್ತು ತಿರುಗುವುದಕ್ಕಿಂತ, ಬೇಕಾದಾಗ ಬಿಚ್ಚಿ ಬೇಡವಾದಾಗ ಮಡಚುವುದು ಜಾಣತನ. ಗಾಜಿನ ಫಲಕಗಳ ಕಾಲದ ದೊಡ್ಡ ಕ್ಯಾಮೆರಾಗಳಲ್ಲಿ ತಿದಿ ಮೊದಲೇ ಇತ್ತು. ಅದನ್ನು ಜೇಬಿಗೆ ತಂದದ್ದು ಸುರುಳಿ ಫಿಲಂ. ಆರಂಭದಲ್ಲಿ ಈ ಫಿಲಂನದೂ ಒಂದು ಕಷ್ಟವಿತ್ತು: ಅದನ್ನು ಹಾಕುವುದು, ತೆಗೆಯುವುದು ಕತ್ತಲೆಯಲ್ಲೇ ಆಗಬೇಕು. ಅಮೆರಿಕದ ಬಾಸ್ಟನ್ ನಗರದ ಸ್ಯಾಮ್ಯುಯೆಲ್ ಟರ್ನರ್ ಎಂಬಾತ 1890ರ ದಶಕದಲ್ಲಿ ಫಿಲಂನ ಬೆನ್ನಿಗೆ ಅಂಕಿಗಳನ್ನು ಮುದ್ರಿಸಿದ ಕಪ್ಪು ಕಾಗದ ಸುತ್ತಿ, ಕ್ಯಾಮೆರಾದ ಹಿಂಬದಿಯಲ್ಲಿ ಒಂದು ಕೆಂಪು ಕಿಂಡಿ ಇಟ್ಟ. ಆ ಕಾಲದ ಫಿಲಂಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಆದುದರಿಂದ ಕಿಂಡಿಯಲ್ಲಿ ಅಂಕಿಯನ್ನು ನೋಡುತ್ತ ಹಗಲಿನಲ್ಲೇ ಫಿಲಂ ತಿರುಗಿಸಬಹುದಾಯಿತು. ಕೊಡಕ್‌ನ ಜಾರ್ಜ್ ಈಸ್ಟ್‌ಮನ್ 1895ರಲ್ಲಿ ಟರ್ನರನ ಕಂಪನಿಯನ್ನೇ ಕೊಂಡುಬಿಟ್ಟ. 1897-98ರಲ್ಲಿ ಕೊಡಕ್‌ನ ಮಡಚುವ ಜೇಬು ಕ್ಯಾಮೆರಾ ಹೊರಬಂತು. 1901ರಲ್ಲಿ ಕೊಡಕ್ ಹೊರತಂದ 120 ಎಂಬ ಸಂಖ್ಯೆಯ ಫಿಲಂ ಸುರುಳಿ ಇಂದಿಗೂ ತಯಾರಾಗುತ್ತಿದೆ. ನೂರಿಪ್ಪತ್ತು ವರ್ಷ ದಾಟಿದರೂ ಅದೇ ಅಗಲ, ಅದೇ ಸ್ಪೂಲು. (ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಮಡಚುವ ಕೊಡಕ್ ಇದ್ದರೆ, ಅದು ಬಹುಶಃ 620 ಫಿಲಂನದು. ಫಿಲಂ ಅದೇ ಅಗಲವಾದರೂ ಸ್ಪೂಲಿನ ಅಳತೆ ಬೇರೆ. 620ರ ತಯಾರಿಕೆ 1995ರಲ್ಲಿ ನಿಂತುಹೋಯಿತು. ಬಲವಂತವಾಗಿ 120ನ್ನು ತುರುಕಬೇಡಿ.)

ಈ ಜಾತಿಯ ಕ್ಯಾಮೆರಾಗಳಲ್ಲಿ ಅತಿ ಪ್ರಸಿದ್ಧವಾದದ್ದು 1912ರ ವೆಸ್ಟ್ ಪಾಕೆಟ್ ಕೊಡಕ್. ಮೊದಲ ಮಹಾಯುದ್ಧದಲ್ಲಿ ಸೈನಿಕರ ಕ್ಯಾಮೆರಾ ಎಂದೇ ಅದನ್ನು ಮಾರಿದರು. 1924ರಲ್ಲಿ ಎವರೆಸ್ಟ್ ಶಿಖರದ ಕಡೆಗೆ ಕೊನೆಯ ಬಾರಿ ಹೊರಟ ಮ್ಯಾಲೊರಿ ಒಯ್ದದ್ದು ಅಂಥದ್ದೇ ಒಂದನ್ನು. ಅದನ್ನು ಅವನಿಗೆ ಎರವಲು ಕೊಟ್ಟವರು ಅದೇ ತಂಡದಲ್ಲಿದ್ದ ಹೋವರ್ಡ್ ಸೋಮರ್‌ವೆಲ್. ಈತ ತಿರುವಾಂಕೂರಿನ ನೆಯ್ಯೂರು ಆಸ್ಪತ್ರೆಯಲ್ಲಿ ದೀರ್ಘಕಾಲ ಶಸ್ತ್ರವೈದ್ಯರಾಗಿದ್ದವರು ಎಂಬುದು ದಕ್ಷಿಣದವರಾದ ನಮಗೆ ವಿಶೇಷ. ಮ್ಯಾಲೊರಿಯ ದೇಹ 1999ರಲ್ಲಿ ಸಿಕ್ಕಿತು. ಅವನ ಜೊತೆಗಾರ ಇರ್ವಿನ್‌ನ ಹೆಸರು ಹೊಲಿದ ಕಾಲುಚೀಲ ಬೂಟಿನೊಳಗೆ 2024ರಲ್ಲಿ ಸಿಕ್ಕಿತು. ಕ್ಯಾಮೆರಾ ಮಾತ್ರ ಸಿಕ್ಕಿಲ್ಲ. ಅವರು ಶಿಖರ ಮುಟ್ಟಿದರೇ ಎಂಬ ಪ್ರಶ್ನೆಗೆ ಉತ್ತರವಿದ್ದರೆ ಅದು ಆ ಪುಟ್ಟ ಸುರುಳಿಯಲ್ಲಿರಬೇಕು.

ಮಡಚುವ ಕ್ಯಾಮೆರಾ ಪಕ್ವಗೊಂಡದ್ದು ಜರ್ಮನಿಯಲ್ಲಿ. ಝೈಸ್ ಇಕಾನ್‌ನ ಇಕೊಂಟಾ 1929ರಲ್ಲಿ ಬಂತು. ಬಣ್ಣ, ರಾಸಾಯನಿಕಗಳ ಕಂಪನಿಯಾಗಿದ್ದ ಆಗ್ಫಾ 1925ರಲ್ಲಿ ಮ್ಯೂನಿಕ್ ನಗರದ ರೀಟ್ಸೆಲ್ ಎಂಬ ಕ್ಯಾಮೆರಾ ಕಾರ್ಖಾನೆಯನ್ನು ಸೇರಿಸಿಕೊಂಡು ಅಲ್ಲಿಂದ ಈ ಉದ್ಯಮಕ್ಕಿಳಿಯಿತು. ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ ಐಸೊಲೆಟ್ ಹುಟ್ಟಿತ್ತು; ಆದರೆ ಅದರ ಸುಗ್ಗಿ 1950ರ ದಶಕ. ಒಂದು, ಎರಡು, ಮೂರು ಎಂದು ಮೂರು ಮಾದರಿಗಳು. ಮೂರನೆಯದರಲ್ಲಿ ದೂರಮಾಪಕವೂ ಉಂಟು. 1954ರ ಸೂಪರ್ ಐಸೊಲೆಟ್‌ನಲ್ಲಿ ಆ ದೂರಮಾಪಕವನ್ನು ಮಸೂರಕ್ಕೇ ಜೋಡಿಸಿದ್ದರು. ಅದು ಸಿರಿವಂತರ ಕ್ಯಾಮೆರಾ. ನಮ್ಮದು ನಡುವಿನ ದರ್ಜೆಯದು: ಮೂರು ಗಾಜುಗಳ ಅಪೊಟಾರ್ ಮಸೂರ, ಒಂದು ಸೆಕೆಂಡಿನಿಂದ ಮುನ್ನೂರನೆಯ ಒಂದು ಸೆಕೆಂಡಿನವರೆಗೆ ತೆರೆದು ಮುಚ್ಚುವ ಪ್ರಾಂಟರ್ ಷಟರ್.

ದೂರಮಾಪಕವಿಲ್ಲದ ಕ್ಯಾಮೆರಾದಲ್ಲಿ ದೂರವನ್ನು ಕಣ್ಣಳತೆಯಲ್ಲೇ ಊಹಿಸಿ, ಮಸೂರದ ಮುಂದಿನ ಬಳೆಯನ್ನು ಅಷ್ಟು ಅಡಿಗೆ ತಿರುಗಿಸಬೇಕು. ತಂದೆಯವರು ಊಹೆಯನ್ನು ನಂಬುತ್ತಿರಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅವರಿಂದ ಎಂಟು ಹೆಜ್ಜೆ ಹಿಂದಕ್ಕೆ ಎಣಿಸುತ್ತ ಹೋಗಿ, ಇಪ್ಪತ್ತು ಅಡಿ ಎಂದು ನಿಶ್ಚಯಿಸಿ ನಿಲ್ಲುತ್ತಿದ್ದರು. ಏಕೆ ಯಾವಾಗಲೂ ಇಪ್ಪತ್ತೇ ಅಡಿ ಎಂಬುದು ನನಗೆ ತಿಳಿದದ್ದು ಮುಂದೆ ಬೆಳಕಿನ ಪಾಠ ಮಾಡತೊಡಗಿದಾಗ. ರಂಧ್ರವನ್ನು ಎಫ್ 11ಕ್ಕೆ ಕಿರಿದು ಮಾಡಿ ಇಪ್ಪತ್ತು ಅಡಿಗೆ ಇಟ್ಟರೆ, ಈ ಮಸೂರದಲ್ಲಿ ಸುಮಾರು 13 ಅಡಿಯಿಂದ 40 ಅಡಿಯವರೆಗಿನ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿ ಮೂಡುತ್ತದೆ. ಹೆಜ್ಜೆಯಲ್ಲಿ ಒಂದೆರಡು ಅಡಿ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ. ಅವರಿಗೆ ಈ ಲೆಕ್ಕ ಗೊತ್ತಿತ್ತೋ, ಅನುಭವದಿಂದ ಕಂಡುಕೊಂಡಿದ್ದರೋ, ನಾನು ಕೇಳಲಿಲ್ಲ.

ಬೆಳಕನ್ನಳೆಯುವ ಯಂತ್ರವೂ ಅದರಲ್ಲಿಲ್ಲ. ಫಿಲಂ ಡಬ್ಬಿಯೊಳಗಿನ ಚೀಟಿಯಲ್ಲಿ ಸೂರ್ಯ, ಮೋಡ, ನೆರಳುಗಳ ಚಿತ್ರವಿದ್ದು ಪ್ರತಿಯೊಂದಕ್ಕೂ ಅಂಕಿ ಕೊಟ್ಟಿರುತ್ತಿದ್ದರು. ಅದರಲ್ಲೇ ಇನ್ನೊಂದು ಸೂಚನೆ: ಸೂರ್ಯ ಚಿತ್ರ ತೆಗೆಯುವವನ ಬೆನ್ನಿಗಿರಲಿ. ಈ ಸೂಚನೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಚಿತ್ರ ತೆಗೆಯುವ ಕ್ರಮ ಒಂದು ವಿಧಿಯಂತೆಯೇ ಇತ್ತು. ಮೊದಲು ಬಾಗಿಲನ್ನು ತೆರೆಯುವುದು, ಅದೂ ಎಡಗೈಯಿಂದ ತಡೆದು ಹಿಡಿದು ನಿಧಾನವಾಗಿ. ಬಾಗಿಲನ್ನು ಒಮ್ಮೆಗೇ ಚಿಮ್ಮಲು ಬಿಟ್ಟರೆ ತಿದಿ ಒಳಗಿನ ಗಾಳಿಯನ್ನು ಸೆಳೆಯುತ್ತದೆ. ಆ ಸೆಳೆತಕ್ಕೆ ಫಿಲಂ ತನ್ನ ಜಾಗದಿಂದ ಮುಂದಕ್ಕೆ ಉಬ್ಬುತ್ತದೆ, ಚಿತ್ರದ ನಡುಭಾಗ ಮಸುಕಾಗುತ್ತದೆ. ತೆರೆದ ಬಳಿಕವೇ ಫಿಲಂ ತಿರುಗಿಸಬೇಕು, ಆಗ ಅದು ಬಿಗಿಯಾಗಿ ನಿಲ್ಲುತ್ತದೆ. ತಿರುಗಿಸುವಾಗ ಕೆಂಪು ಕಿಂಡಿಯ ಮುಚ್ಚಳ ಸರಿಸಿ, ಮುಂದಿನ ಅಂಕಿ ಬರುವತನಕ ನೋಡುತ್ತಿರಬೇಕು. 1950ರ ವೇಳೆಗೆ ಎಲ್ಲ ಬಣ್ಣಕ್ಕೂ ಸ್ಪಂದಿಸುವ ಫಿಲಂ ಸಾಮಾನ್ಯವಾಗಿತ್ತು, ಕೆಂಪು ಗಾಜೊಂದನ್ನೇ ನಂಬುವಂತಿರಲಿಲ್ಲ. ಆದ್ದರಿಂದಲೇ ಈ ಮುಚ್ಚಳ. ಆಮೇಲೆ ಷಟರಿನ ಸಣ್ಣ ಸನ್ನೆಯನ್ನೆಳೆದು ಸಿದ್ಧಪಡಿಸಿ, ಗುಂಡಿಯನ್ನೊತ್ತುವುದು. ಒತ್ತಿದ ಮೇಲೆ ಫಿಲಂ ತಿರುಗಿಸದ ಹೊರತು ಗುಂಡಿ ಮತ್ತೆ ಕೆಳಗಿಳಿಯದು. ಒಂದರ ಮೇಲೊಂದು ಚಿತ್ರ ಬಿದ್ದು ಮದುಮಗನ ಹಣೆಯ ಮೇಲೆ ಬಾಳೆಕಂಬ ಮೂಡುವ ಅನರ್ಥವನ್ನು ತಪ್ಪಿಸಲು ಎರಡನೆಯ ಮಾದರಿಯಲ್ಲಿ ಮಾಡಿದ ಏರ್ಪಾಡು ಅದು.

ಒಂದು ಸುರುಳಿಗೆ ಹನ್ನೆರಡು ಚಿತ್ರ. ಈಗಿನ ಮಕ್ಕಳು ಒಂದು ದೋಸೆಗೆ ಹನ್ನೆರಡು ಚಿತ್ರ ತೆಗೆಯುತ್ತಾರೆ. ಅದನ್ನು ದೂರಲಾರೆ, ನನ್ನ ಮೊಮ್ಮಗಳೂ ತೆಗೆಯುತ್ತಾಳೆ. ನಮ್ಮ ಮನೆಯಲ್ಲಿ ಒಂದು ಸುರುಳಿ ಕೆಲವೊಮ್ಮೆ ಯುಗಾದಿಯಿಂದ ದೀಪಾವಳಿಯವರೆಗೆ ಬರುತ್ತಿತ್ತು. ಫಿಲಂ ಸಿಗುವುದೂ ಸುಲಭವಿರಲಿಲ್ಲ. 1957ರ ಸುಮಾರಿನ ವಿದೇಶಿ ವಿನಿಮಯದ ಮುಗ್ಗಟ್ಟಿನ ನಂತರ ಆಮದು ಬಿಗಿಯಾಯಿತು. ಹೊಸ ಜರ್ಮನ್ ಕ್ಯಾಮೆರಾ ಸಾಮಾನ್ಯರ ಕೈಗೆ ಬರುವುದು ಅಪರೂಪವಾಗಿ, ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನವರು ತಯಾರಿಸಿದ ಆಗ್ಫಾ ಕ್ಲಿಕ್ ತ್ರೀ ಮನೆಮನೆಗೂ ಬಂತು. ನಿಮ್ಮಲ್ಲಿ ಅನೇಕರ ಬಾಲ್ಯದ ಚಿತ್ರಗಳು ಅದರಿಂದಲೇ ತೆಗೆದವಾಗಿರಬೇಕು. ಅದೂ 120 ಫಿಲಂನದೇ, ಅದೂ ಹನ್ನೆರಡು ಚೌಕಗಳದೇ. ಆದರೆ ಅದರಲ್ಲಿ ಮಡಚುವುದಿಲ್ಲ, ದೂರ ಅಳೆಯುವ ಗೊಡವೆಯೂ ಇಲ್ಲ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ ಫಿಲಂ ತಯಾರಿಸತೊಡಗಿತು. ಅದರ ಹೆಸರು 'ಇಂದು'. ಚಂದ್ರನ ಹೆಸರಿಟ್ಟವರ ರುಚಿಯನ್ನು ಮೆಚ್ಚಬೇಕು. ಪೂರ್ವ ಜರ್ಮನಿಯ ಓರ್ವೋ ಫಿಲಂ ಕೂಡ ಬರುತ್ತಿತ್ತು. ಊಟಿಯ ಕಾರ್ಖಾನೆ ಮುಚ್ಚಿಹೋಯಿತು. ಆಗ್ಫಾದ ಫಿಲಂ ವಿಭಾಗ ಬೇರೆ ಕಂಪನಿಯಾಗಿ 2005ರಲ್ಲಿ ದಿವಾಳಿಯೆದ್ದಿತು.

ಸುರುಳಿ ಮುಗಿದ ಮೇಲೆ ಸ್ಟುಡಿಯೋದಲ್ಲಿ ತೊಳೆಸಿ, ಕಾಂಟ್ಯಾಕ್ಟ್ ಪ್ರಿಂಟ್ ಹಾಕಿಸುತ್ತಿದ್ದರು. ಅಂದರೆ ನೆಗೆಟಿವ್ ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಚಿತ್ರ, ಎರಡೂಕಾಲು ಅಂಗುಲದ ಚೌಕ. ಬಹಳ ಹಿಡಿಸಿದ್ದನ್ನು ಮಾತ್ರ ಪೋಸ್ಟ್‌ಕಾರ್ಡ್ ಅಳತೆಗೆ ದೊಡ್ಡದು ಮಾಡಿಸಿ, ಕಪ್ಪು ಹಾಳೆಯ ಆಲ್ಬಮ್ಮಿನಲ್ಲಿ ನಾಲ್ಕು ಮೂಲೆಗೆ ಅಂಟುಮೂಲೆ ಹಚ್ಚಿ ಸಿಕ್ಕಿಸುವುದು. ಚೌಕವಾದ ನೆಗೆಟಿವ್ ಉದ್ದನೆಯ ಪೋಸ್ಟ್‌ಕಾರ್ಡಿನಲ್ಲಿ ಹಿಡಿಯದು. ಹಾಗಾಗಿ ಮೇಲಿನ ಆಕಾಶವನ್ನೂ ಕೆಳಗಿನ ನೆಲವನ್ನೂ ಕತ್ತರಿಸಿಬಿಡುತ್ತಿದ್ದರು.

ಇಲ್ಲಿಗೆ 1974ರ ಆ ಚಿತ್ರದ ಮಾತು ಬರುತ್ತದೆ. ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1964ರಲ್ಲಿ. ಮೈಸೂರು ರಸ್ತೆಯ ಬದಿಯ ಸುಮಾರು 1,100 ಎಕರೆಯ ಜ್ಞಾನಭಾರತಿ ಆವರಣಕ್ಕೆ ಅದು ಬಂದದ್ದು 1973ರಲ್ಲಿ. ಈಗ ಮೆಟ್ರೋದಲ್ಲಿ ಜ್ಞಾನಭಾರತಿ ನಿಲ್ದಾಣಕ್ಕಿಳಿದು ಒಳಗೆ ನಡೆದವರಿಗೆ ಕಾಣುವುದು ಮರಗಳ ಕಾಡು. ನಮ್ಮ ಚಿತ್ರದಲ್ಲಿರುವುದು ಬಯಲು, ಬಂಡೆ, ಮೊಣಕಾಲೆತ್ತರದ ಸಸಿಗಳು, ಅವುಗಳ ಸುತ್ತ ಮುಳ್ಳು. ಮುಂದೆ ನಮ್ಮ ಅಕ್ಕ, ಎಂ.ಎ. ಮೊದಲ ವರ್ಷದ ವಿದ್ಯಾರ್ಥಿನಿ, ಮತ್ತು ಅವಳ ಮೂವರು ಗೆಳತಿಯರು. ಆಲ್ಬಮ್ಮಿನ ಪೋಸ್ಟ್‌ಕಾರ್ಡಿನಲ್ಲಿ ಐವತ್ತು ವರ್ಷ ನಾವು ನೋಡಿದ್ದು ಇಷ್ಟನ್ನೇ.

ಮೂರು ವರ್ಷದ ಹಿಂದೆ ಅದರ ನೆಗೆಟಿವ್ ಅನ್ನು ಸ್ಕ್ಯಾನ್ ಮಾಡಿಸಿದಾಗ ಪೂರ್ಣ ಚೌಕ ಕಂಡಿತು. ಕತ್ತರಿಸಿ ಹೋಗಿದ್ದ ಕೆಳಭಾಗದ ನೆಲದ ಮೇಲೆ ಒಂದು ಉದ್ದನೆಯ ನೆರಳು ಬಿದ್ದಿದೆ: ತಲೆ, ಭುಜ, ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿದು ಎರಡೂ ಕಡೆಗೆ ಚಾಚಿದ ಮೊಣಕೈಗಳು. ಸಂಜೆ ಐದರ ಸೂರ್ಯ, ಚೀಟಿಯಲ್ಲಿ ಹೇಳಿದಂತೆಯೇ, ಬೆನ್ನಿಗಿದ್ದಾನೆ. ಆ ಹೊತ್ತಿನಲ್ಲಿ ಆಳೊಬ್ಬನ ನೆರಳು ಇಪ್ಪತ್ತು ಅಡಿಯಷ್ಟೇ ಬೀಳುತ್ತದೆ. ತಲೆಯ ನೆರಳು ಅಕ್ಕನ ಚಪ್ಪಲಿಯ ಹತ್ತಿರಕ್ಕೆ ಬಂದು ನಿಂತಿದೆ. ತಂದೆಯವರು 1981ರಲ್ಲಿ ತೀರಿಕೊಂಡರು. ಆಲ್ಬಮ್ಮುಗಳಲ್ಲಿ ಅವರಿರುವ ಚಿತ್ರಗಳು ನಾಲ್ಕೇ ನಾಲ್ಕು. ನಾಲ್ಕನ್ನೂ ಷಟರಿನ ಸೆಲ್ಫ್ ಟೈಮರ್ ಸನ್ನೆಯನ್ನೆಳೆದು ಓಡಿಬಂದು ನಿಂತು ತೆಗೆದದ್ದು, ನಾಲ್ಕರಲ್ಲೂ ಏದುಸಿರು ಬಿಡುವವರ ಮುಖ. ಸ್ಕ್ಯಾನನ್ನು ಅಕ್ಕನಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಟೋಪಿ ಹಾಕಿಕೊಂಡಿದ್ದರು ಕಣೋ ಅವತ್ತು" ಎಂದಳು. ನೋಡಿದರೆ ಹೌದು, ನೆರಳಿನ ತಲೆಯ ಅಂಚು ಚಪ್ಪಟೆಯಾಗಿದೆ.

ಆ ಬಳಿಕ ಉಳಿದ ನೆಗೆಟಿವ್‌ಗಳನ್ನೂ ಒಂದೊಂದಾಗಿ ನೋಡುತ್ತಿದ್ದೇನೆ. ನನ್ನ ಬಳಿ 41 ಸುರುಳಿಗಳಿವೆ, ಎಲ್ಲವೂ ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ, ತಂದೆಯವರ ಕೈಬರಹದ ಲಕೋಟೆಗಳಲ್ಲಿ. ಇದುವರೆಗೆ ಇನ್ನೂ ಆರು ಕಡೆ ಆ ನೆರಳು ಸಿಕ್ಕಿದೆ. ಮಡಚುವ ಕ್ಯಾಮೆರಾದ ನಿಜವಾದ ಹೆಚ್ಚಳ ಇರುವುದು ಈ ನೆಗೆಟಿವ್‌ನಲ್ಲಿ ಎಂಬುದು ನನ್ನ ಅಭಿಪ್ರಾಯ. ಅದರ ಚೌಕ 56 ಮಿಲಿಮೀಟರಿನದು. ಮುಂದೆ ಬಂದ 35 ಎಂ.ಎಂ. ಫಿಲಂನ ಚಿತ್ರಕ್ಕಿಂತ ಮೂರೂವರೆ ಪಟ್ಟಿಗೂ ಹೆಚ್ಚು ವಿಸ್ತಾರ. ಸ್ಟುಡಿಯೋದವರು ಕೊಟ್ಟ ಪುಟ್ಟ ಪ್ರಿಂಟಿನಲ್ಲಿ ಮೂಡದ ಎಷ್ಟೋ ವಿವರ ಅದರಲ್ಲಿ ಹಾಗೇ ಕುಳಿತಿರುತ್ತದೆ. ಗೋಡೆಯ ಕ್ಯಾಲೆಂಡರಿನ ತಾರೀಖು, ಅಂಗಡಿಯ ಫಲಕ, ಬಾಗಿಲ ಸಂದಿಯಲ್ಲಿ ಇಣುಕಿದ ಯಾರದೋ ಮುಖ.

ಇಂಥ ಕ್ಯಾಮೆರಾ ಏಕೆ ಮರೆಯಾಯಿತು? ನೂರಾರು ಸಣ್ಣ ಬಿಡಿಭಾಗಗಳನ್ನು ಕೈಯಿಂದ ಜೋಡಿಸಬೇಕಾದ ಖರ್ಚು ಒಂದು. 35 ಎಂ.ಎಂ. ಕ್ಯಾಮೆರಾ ಮಡಚದೆಯೇ ಚಿಕ್ಕದಾಗಿತ್ತು, ಒಂದು ಸುರುಳಿಗೆ 36 ಚಿತ್ರ ಕೊಡುತ್ತಿತ್ತು. ವೃತ್ತಿಯವರಂತೂ ಮೊದಲಿನಿಂದಲೂ ಎರಡು ಮಸೂರದ ರೋಲಿಫ್ಲೆಕ್ಸ್‌ನಂಥ ಗಟ್ಟಿ ಪೆಟ್ಟಿಗೆಯನ್ನೇ ನೆಚ್ಚಿದ್ದರು. ಐಸೊಲೆಟ್‌ನ ತಯಾರಿಕೆ 1960ರ ಹೊತ್ತಿಗೆ ನಿಂತಿತು.

ಉಳಿದಿರುವ ಐಸೊಲೆಟ್‌ಗಳಿಗೆಲ್ಲ ಎರಡು ರೋಗ. ಮೊದಲನೆಯದು, ಮಸೂರದ ಬಳೆಗೆ ಆಗ್ಫಾದವರು ಹಚ್ಚಿದ ಗ್ರೀಸು. ವರ್ಷಗಳು ಕಳೆದಂತೆ ಅದು ಹಸಿರು ಬಣ್ಣಕ್ಕೆ ತಿರುಗಿ ಅರಗಿನಂತೆ ಗಟ್ಟಿಯಾಗುತ್ತದೆ, ಬಳೆ ಅಲುಗುವುದಿಲ್ಲ. ಎರಡನೆಯದು ತಿದಿ. ಝೈಸ್‌ನವರ ಚರ್ಮದ ತಿದಿಗಳು ಇಂದೂ ಚೆನ್ನಾಗಿವೆ. ಯುದ್ಧಾನಂತರ ಆಗ್ಫಾ ಬಳಸಿದ ಕೃತಕ ವಸ್ತು ಮಡಿಕೆಯ ಮೂಲೆಗಳಲ್ಲಿ ಬಿರಿದು ಸೂಜಿಮೊನೆಯಷ್ಟು ತೂತುಗಳಾಗುತ್ತವೆ. ಕತ್ತಲೆ ಕೋಣೆಯಲ್ಲಿ ಹಿಂಬಾಗಿಲು ತೆರೆದು ಟಾರ್ಚು ಹಿಡಿದರೆ ನಕ್ಷತ್ರಗಳಂತೆ ಕಾಣುತ್ತವೆ. ನಮ್ಮದರಲ್ಲಿ ಹದಿನೇಳು. ಅಂಗಡಿಯೊಂದರಲ್ಲಿ ತೋರಿಸಿದಾಗ "ಷೋಕೇಸಿಗೆ ಇಡಿ ಸಾರ್" ಎಂದು ಹಿಂದಕ್ಕೆ ಕೊಟ್ಟರು. ಕಡೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಗಡಿಯಾರ ರಿಪೇರಿಯವನು, ಬಳೆಗೆ ಹದವಾಗಿ ಶಾಖ ಕೊಟ್ಟು, ಲೈಟರಿನ ಪೆಟ್ರೋಲಿನಿಂದ ಆ ಹಸಿರು ಗ್ರೀಸನ್ನು ತೊಳೆದು ಬಿಡಿಸಿದ. ತಿದಿಯ ಮೂಲೆಗಳಿಗೆ ಕಪ್ಪು ಬಣ್ಣ ಬೆರೆಸಿದ ತೆಳು ಅಂಟನ್ನು ಹಚ್ಚಿದ್ದೇವೆ. ಸದ್ಯಕ್ಕೆ ಸಾಗುತ್ತದೆ. ಸೆಲ್ಫ್ ಟೈಮರನ್ನು ಮಾತ್ರ ಮುಟ್ಟಬೇಡಿ ಎಂದು ಅವನು ಹೇಳಿದ್ದಾನೆ; ಹಳೆಯ ಷಟರುಗಳು ಅದರಲ್ಲೇ ಸಿಕ್ಕಿಕೊಂಡು ನಿಲ್ಲುತ್ತವಂತೆ.

ಕ್ಯಾಮೆರಾ ಕೆಟ್ಟರೆ ಕೆಡಲಿ, ಇನ್ನೊಂದು ಸಿಕ್ಕೀತು. ಬಂಧುಗಳಲ್ಲಿ ನನ್ನ ವಿನಂತಿ ನೆಗೆಟಿವ್‌ಗಳ ಬಗ್ಗೆ. 1958ರಿಂದ 1964ರವರೆಗಿನ ಸುರುಳಿಗಳು ನನ್ನ ಡಬ್ಬಿಯಲ್ಲಿಲ್ಲ. ಮನೆ ಪಾಲಾದಾಗ ಅವು ಚಿಕ್ಕಪ್ಪನವರ ಸಾಮಾನಿನೊಡನೆ ಹೋದವೆಂದು ಅಕ್ಕ ಹೇಳುತ್ತಾಳೆ. ಅಜ್ಜಿಯ ಚಿತ್ರ ಇರುವುದಾದರೆ ಅವುಗಳಲ್ಲೇ. ಅಜ್ಜಿ ತೀರಿಕೊಂಡದ್ದು 1963ರಲ್ಲಿ, ಆಲ್ಬಮ್ಮಿನಲ್ಲಿ ಅವರದೊಂದೂ ಇಲ್ಲ. ಬಸವೇಶ್ವರನಗರದ ಮನೆಯನ್ನೂ ವಿಜಯನಗರದ ಮನೆಯನ್ನೂ ಈ ವರ್ಷ ಬಿಲ್ಡರಿಗೆ ಒಪ್ಪಿಸುವವರಿದ್ದೀರಿ. ಅಟ್ಟದ ಸಾಮಾನನ್ನು ಗುಜರಿಗೆ ಹಾಕುವ ಮುನ್ನ ಹಳೆಯ ಲಕೋಟೆ, ಡಬ್ಬಿಗಳನ್ನು ದಯವಿಟ್ಟು ಬಿಚ್ಚಿ ನೋಡಿ. ವಿನೆಗರ್ ವಾಸನೆ ಬಂದರೆ ಎಸೆಯಬೇಡಿ. ಆ ಕಾಲದ ಫಿಲಂ ಅಸಿಟೇಟಿನದು. ಶಾಖ, ತೇವಗಳಿಂದ ಅದು ಕೊಳೆಯತೊಡಗಿದಾಗ ಬರುವ ವಾಸನೆ ಅದು. ಒಮ್ಮೆ ಆರಂಭವಾದ ಮೇಲೆ ವೇಗ ಹೆಚ್ಚುತ್ತಲೇ ಹೋಗುತ್ತದೆ, ಫಿಲಂ ಕುಗ್ಗಿ ಸುಕ್ಕಾಗುತ್ತದೆ. ಆದರೂ ಅಷ್ಟರೊಳಗೆ ಸ್ಕ್ಯಾನ್ ಮಾಡಿಸಿದರೆ ಚಿತ್ರ ಉಳಿಯುತ್ತದೆ. ಅಂಥವನ್ನು ಉಳಿದವುಗಳಿಂದ ಬೇರೆಯಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಬೇಡಿ, ಕಾಗದದ ಲಕೋಟೆ ಸಾಕು. ಬಿಸಿಲಿಗೆ ಕಾಯುವ ತಾರಸಿಯ ಕೆಳಗಿನ ಅಟ್ಟಕ್ಕಿಂತ ಬಟ್ಟೆಯ ಬೀರು ಮೇಲು. ಫೋನು ಮಾಡಿದರೆ ನಾನೇ ಬಂದು ಒಯ್ಯುತ್ತೇನೆ. ಖರ್ಚು ನನ್ನದು, ಪ್ರತಿಗಳನ್ನು ಎಲ್ಲರಿಗೂ ಕೊಡುತ್ತೇನೆ.

1974ರ ಚಿತ್ರದಲ್ಲಿ ಎಡದಿಂದ ಎರಡನೆಯವರು, ಚೌಕುಳಿ ಸೀರೆಯುಟ್ಟು ಕೈಯಲ್ಲಿ ಕೊಡೆ ಹಿಡಿದವರು, ಯಾರೆಂದು ಅಕ್ಕನಿಗೂ ನೆನಪಿಲ್ಲ. ಲಕೋಟೆಯ ಮೇಲೆ ತಂದೆಯವರು ಬರೆದಿರುವುದು ಇಷ್ಟೇ: "ಚಿತ್ರ 7. ಎಫ್ 8, 1/50. ಜ್ಞಾನಭಾರತಿ. ಮಕ್ಕಳು." ಗುರುತು ಹಿಡಿದವರು ದಯವಿಟ್ಟು ತಿಳಿಸಿ.